ಗರ್ಭ ನಿಂತಿಲ್ಲ, ಹಾಲು ಬಂದದ್ದು ಹೇಗೆ?

(ಗುರುತು ಸಿಗಬಾರದೆಂದು ಹೆಸರು, ಊರು, ಕೆಲಸ ಬದಲಿಸಿದ್ದೇನೆ. ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

ವಿನಯಾಗೆ 29 ವರ್ಷ. ಉಡುಪಿ ಹತ್ತಿರದ ಹಳ್ಳಿ. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಗಂಡ ಕುವೈತ್‌ನಲ್ಲಿ, ರಜೆ ಮುಗಿಸಿ ಹೋಗಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಅತ್ತೆ ಬೀಡಿ ಕಟ್ಟುತ್ತಾರೆ, ಸೊಸೆಗೆ ಸಹಕಾರಿ ಸಂಘವೊಂದರಲ್ಲಿ ಕೆಲಸ.

ನನ್ನ ಹತ್ತಿರ ಸಲಹೆ ಕೇಳಲು ಬಂದದ್ದು ಇಬ್ಬರೂ ಒಟ್ಟಿಗೆ. ಮಾತಾಡಿದ್ದು ಮಾತ್ರ ಅತ್ತೆ.

"ಮೇಡಂ, ಇವಳಿಗೆ ಮುಟ್ಟು ನಿಂತು ಮೂರು ತಿಂಗಳಾಯ್ತು. ಈಗ ನೈಟಿ ಎದೆ ಹತ್ರ ಒದ್ದೆ ಆಗ್ತದೆ. ನಾನೂ ಎರಡು ಹೆತ್ತವಳು, ಎದೆಹಾಲಿನ ಕಲೆ ನಂಗೆ ಗೊತ್ತಾಗುದಿಲ್ವಾ? ಮಗ ಅಲ್ಲಿದ್ದಾನೆ. ಮತ್ತೆ ಇದೆಂತ?"

ವಿನಯಾ ತಲೆ ಎತ್ತಲಿಲ್ಲ. ಅತ್ತೆಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ಅವಳ ಜೊತೆ ಒಬ್ಬಳೇ ಮಾತಾಡಿದೆ. ಇಂಥ ಸಂದರ್ಭದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ವಿಚಾರಣೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆರೋಪ ಹೊತ್ತವಳು ಬಾಯಿ ಬಿಡುವುದಿಲ್ಲ, ಹೊರಿಸಿದವರಿಗೆ ಆ ಮೌನವೇ ಸಾಕ್ಷಿಯಾಗಿ ಕಾಣುತ್ತದೆ.

ಬಾಗಿಲು ಮುಚ್ಚಿದ ಮೇಲೆ ಅವಳು ಚೀಲದಿಂದ ಒಂದೊಂದೇ ತೆಗೆದಿಟ್ಟಳು. ಗರ್ಭ ಪರೀಕ್ಷೆಯ ಎರಡು ಕಿಟ್, ಎರಡರಲ್ಲೂ ಒಂದೇ ಗೆರೆ, ಅಂದರೆ ಗರ್ಭ ಇಲ್ಲ. ಅತ್ತೆಗೆ ತೋರಿಸಲು ಜೋಪಾನ ಮಾಡಿಟ್ಟಿದ್ದಳು, ಧೈರ್ಯ ಬಂದಿರಲಿಲ್ಲ. ಆಮೇಲೆ ಲ್ಯಾಬ್‌ನ ಒಂದು ಚೀಟಿ. ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ 128. ಪಕ್ಕದಲ್ಲಿ 25ರ ಒಳಗೆ ಇರಬೇಕು ಎಂಬ ಅಳತೆ, ಮುಂದೆ ಒಂದು ನಕ್ಷತ್ರ. ಆ ನಕ್ಷತ್ರ ನೋಡಿಯೇ ಅವಳು ರಾತ್ರಿಯಿಡೀ ಮೊಬೈಲ್‌ನಲ್ಲಿ ಹುಡುಕಿದ್ದಾಳೆ. ಮೆದುಳಿನಲ್ಲಿ ಗಡ್ಡೆ, ಸ್ತನ ಕ್ಯಾನ್ಸರ್, ರೋಗನಿರೋಧಕ ಶಕ್ತಿ ಕೆಟ್ಟು ಬರುವ ಲೂಪಸ್, ಜೀವನಪೂರ್ತಿ ಮಕ್ಕಳಾಗದಿರುವುದು. ಅವಳ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿದೆ. ಹಾಗಾಗಿ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

"ಬೇರೆ ಯಾವ ಮಾತ್ರೆ ತಗೊಳ್ತಾ ಇದ್ದೀಯಮ್ಮ?" ಅಂದೆ.

"ಏನಿಲ್ಲ ಮೇಡಂ. ಗ್ಯಾಸ್ಟ್ರಿಕ್‌ಗೆ ಒಂದು, ಅಷ್ಟೇ."

ಆ ಸ್ಟ್ರಿಪ್ ಕೈಗೆ ತೆಗೆದುಕೊಂಡೆ. ಮುಂದುಗಡೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು. ಹಿಂದುಗಡೆ, ಮಾತ್ರೆ ಕತ್ತರಿಸಿ ಅರ್ಧ ಹರಿದುಹೋದ ಬೆಳ್ಳಿ ಹಾಳೆಯಲ್ಲಿ, ಸಣ್ಣ ಅಕ್ಷರ: ರಾಬೆಪ್ರಜೋಲ್ 20 ಮಿಲಿಗ್ರಾಂ, ಲೆವೊಸಲ್ಪಿರೈಡ್ 75 ಮಿಲಿಗ್ರಾಂ. ಗಂಡ ಹೋದ ಹೊಸತರಲ್ಲಿ ಊಟ ಸೇರದೆ ಎದೆ ಉರಿ ಶುರುವಾಗಿತ್ತು. ಡಾಕ್ಟರ್ ಹತ್ತು ದಿನಕ್ಕೆ ಬರೆದಿದ್ದರು. ಗುಣ ಕಂಡಿತಲ್ಲ ಎಂದು ಅದೇ ಚೀಟಿ ತೋರಿಸಿ ಮೆಡಿಕಲ್‌ನಿಂದ ಐದು ತಿಂಗಳು ತಂದಿದ್ದಾಳೆ.

ಪ್ರೊಲ್ಯಾಕ್ಟಿನ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಈ ಗ್ರಂಥಿಯ ಹೆಚ್ಚಿನ ಹಾರ್ಮೋನುಗಳನ್ನು ಮೆದುಳು "ಬಾ" ಎಂದು ಕರೆದು ಹೊರಡಿಸುತ್ತದೆ. ಇದನ್ನು ಮಾತ್ರ ತಡೆದು ಹಿಡಿದಿರುತ್ತದೆ. ಡೊಪಮೈನ್ ಎಂಬ ಮೆದುಳಿನ ರಾಸಾಯನಿಕ ಅದರ ಬ್ರೇಕ್. ಲೆವೊಸಲ್ಪಿರೈಡ್, ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್‌ನಂಥ ಔಷಧಿಗಳು ಡೊಪಮೈನ್ ಕೆಲಸ ಮಾಡದಂತೆ ತಡೆಯುತ್ತವೆ. ಬ್ರೇಕ್ ಬಿಟ್ಟ ಕೂಡಲೇ ಪ್ರೊಲ್ಯಾಕ್ಟಿನ್ ಏರುತ್ತದೆ, ಹಾಲು ಒಸರುತ್ತದೆ. ಏರಿದ ಪ್ರೊಲ್ಯಾಕ್ಟಿನ್ ಅಂಡಾಶಯಕ್ಕೆ ಮೆದುಳಿನಿಂದ ಹೋಗಬೇಕಾದ ಸೂಚನೆಯನ್ನು ತಗ್ಗಿಸುತ್ತದೆ. ಅಂಡ ಬಿಡುಗಡೆ ಆಗುವುದಿಲ್ಲ, ಮುಟ್ಟು ನಿಲ್ಲುತ್ತದೆ. ಮೊಲೆಯೂಡುವ ತಾಯಿಗೆ ಕೆಲವು ತಿಂಗಳು ಮುಟ್ಟಾಗದಿರುವುದೂ ಇದೇ ದಾರಿಯಲ್ಲಿ.

ನಾನು ಡಾಕ್ಟರ್ ಅಲ್ಲ. ಆದ್ದರಿಂದ ಮಾತ್ರೆ ನಿಲ್ಲಿಸು ಎನ್ನಲಿಲ್ಲ. ಸ್ಟ್ರಿಪ್ ಸಮೇತ ಮರುದಿನವೇ ಹಾರ್ಮೋನ್ ತಜ್ಞರ ಹತ್ತಿರ ಕಳಿಸಿದೆ. ಒಂದು ಮಾತು ಮಾತ್ರ ಅಲ್ಲೇ ಹೇಳಿದೆ: ಹಾಲು ಬರುತ್ತದಾ ಎಂದು ದಿನಾ ಹಿಂಡಿ ನೋಡಬೇಡ. ಹಿಂಡಿದಷ್ಟೂ ಪ್ರೊಲ್ಯಾಕ್ಟಿನ್ ಏರುತ್ತದೆ. ಅವಳು ದಿನಕ್ಕೆ ಮೂರ್ನಾಲ್ಕು ಸಲ ಹಿಂಡುತ್ತಿದ್ದಳಂತೆ.

ಇನ್ನು ಅತ್ತೆ. ಕಿಟ್ ತೋರಿಸಿದೆ, ಸ್ಟ್ರಿಪ್ ತೋರಿಸಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. "ಹೊಟ್ಟೆಯಲ್ಲಿ ಮಗು ಇಲ್ಲದೆ ಹಾಲು ಬರ್ತದಾ ಮೇಡಂ?"

ಆಗ ಪಾರಿವಾಳದ ವಿಷಯ ಹೇಳಿದೆ. ಪಾರಿವಾಳ ಮರಿಗೆ ಗಂಟಲಿನ ಚೀಲದಿಂದ ಹಾಲಿನಂಥದ್ದನ್ನು ಉಣಿಸುತ್ತದೆ. ಹೆಣ್ಣಷ್ಟೇ ಅಲ್ಲ, ಗಂಡೂ ಉಣಿಸುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಜೊತೆಗಾರರು ಆ ಹಾಲು ಪಿಟ್ಯುಟರಿಯ ಒಂದು ಹಾರ್ಮೋನಿನಿಂದ ಬರುತ್ತದೆ ಎಂದು ತೋರಿಸಿ, ಅದನ್ನು ಪ್ರೊಲ್ಯಾಕ್ಟಿನ್ ಎಂದು ಕರೆದರು. ಗಂಡಸರ ಮೈಯಲ್ಲೂ ಪ್ರೊಲ್ಯಾಕ್ಟಿನ್ ಇದೆ. ತುಂಬ ಏರಿದರೆ ಅವರಿಗೂ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ಅಪರೂಪಕ್ಕೆ ಎದೆಯಲ್ಲಿ ಹಾಲೂ ಬರುತ್ತದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಡಸರಿಗೂ ಉಂಟಾ?" ಎಂದು ಎರಡು ಸಲ ಕೇಳಿದರು. ಸೊಸೆಯ ನಡತೆಯ ಪ್ರಶ್ನೆ ಅಲ್ಲಿಗೆ ಸಡಿಲವಾಯಿತು.

ತಜ್ಞರು ಮೊದಲು ಥೈರಾಯ್ಡ್ ನೋಡಿದರು, ಸರಿ ಇತ್ತು. ಥೈರಾಯ್ಡ್ ಕಡಿಮೆಯಾದರೂ ಪ್ರೊಲ್ಯಾಕ್ಟಿನ್ ಏರುವುದುಂಟು. ರಕ್ತದಲ್ಲೇ ಗರ್ಭ ಪರೀಕ್ಷೆ ಮಾಡಿಸಿ ಆ ಅನುಮಾನವನ್ನೂ ಕಳೆದರು. ಮಾತ್ರೆ ಬದಲಿಸಿ, ಕೆಲವು ದಿನ ಬಿಟ್ಟು, ಬೆಳಗ್ಗೆ ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಸ್ವಲ್ಪ ಹೊತ್ತು ನೆಮ್ಮದಿಯಾಗಿ ಕೂರಿಸಿ ರಕ್ತ ತೆಗೆಸಿದರು. ನಿದ್ದೆ, ಹೆದರಿಕೆ, ಸೂಜಿ ಚುಚ್ಚುವ ನೋವು ಇವಕ್ಕೂ ಈ ಲೆಕ್ಕ ಏರುತ್ತದೆ. ಎರಡನೇ ಚೀಟಿಯಲ್ಲಿ 19. ಪಿಟ್ಯುಟರಿಯಲ್ಲಿ ಗಡ್ಡೆ ಇದ್ದರೆ ಕಾಣಬಹುದಾದ ತಲೆನೋವಾಗಲಿ, ಬದಿಯ ದೃಷ್ಟಿ ಮಂಕಾಗುವುದಾಗಲಿ ಇರಲಿಲ್ಲ. ಎಂಆರ್‌ಐ ಬೇಡ ಎಂದರು. ಇಳಿಯದೇ ಇದ್ದಿದ್ದರೆ ಮಾಡಿಸಲೇಬೇಕಿತ್ತು. ಪ್ರೊಲ್ಯಾಕ್ಟಿನ್ ಸುರಿಸುವ ಪಿಟ್ಯುಟರಿ ಗಡ್ಡೆಯೇ ಆಗಿದ್ದರೂ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಕ್ಯಾಬರ್ಗೊಲಿನ್ ಮಾತ್ರೆಗೆ ಕುಗ್ಗುತ್ತವೆ.

ಲೆಕ್ಕ ಇಳಿದರೂ ಚಿಕ್ಕಮ್ಮನ ನೆನಪು ಇಳಿಯಲಿಲ್ಲ. ಮುಂದಿನ ಭೇಟಿ ಪೂರ್ತಿ ಕ್ಯಾನ್ಸರ್ ಮಾತೇ.

"ಸಂಬಂಧವೇ ಇಲ್ಲ" ಎಂದು ಹೇಳಿ ಸಮಾಧಾನ ಮಾಡಲು ನನಗೆ ಮನಸ್ಸು ಬರಲಿಲ್ಲ. ನಾಳೆ ಮತ್ತೆ ಮೊಬೈಲ್ ನೋಡುತ್ತಾಳೆ, ಆಮೇಲೆ ನನ್ನ ಯಾವ ಮಾತನ್ನೂ ನಂಬುವುದಿಲ್ಲ. ಇದ್ದದ್ದನ್ನೇ ಹೇಳಿದೆ. ಪ್ರೊಲ್ಯಾಕ್ಟಿನ್ ಸ್ತನದ ಹಾಲು ಗ್ರಂಥಿಯ ಕೋಶಗಳನ್ನು ಬೆಳೆಸುತ್ತದೆ. ಹಾಗಾಗಿ ವಿಜ್ಞಾನಿಗಳಿಗೂ ಈ ಅನುಮಾನ ಇದೆ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲಿ, ಪ್ರೊಲ್ಯಾಕ್ಟಿನ್ ಸ್ವಲ್ಪ ಜಾಸ್ತಿ ಇದ್ದವರಲ್ಲಿ, ಮುಖ್ಯವಾಗಿ ಮುಟ್ಟು ನಿಂತ ವಯಸ್ಸಿನ ನಂತರ, ಸ್ತನ ಕ್ಯಾನ್ಸರ್ ಅಪಾಯ ತುಸು ಹೆಚ್ಚು ಕಂಡಿದೆ. ಇನ್ನೊಂದು ಕಡೆ, ಹಾಲೂಡುವ ತಾಯಂದಿರಲ್ಲಿ ಪ್ರೊಲ್ಯಾಕ್ಟಿನ್ ತಿಂಗಳುಗಟ್ಟಲೆ ಮೇಲಿರುತ್ತದೆ. ಅವರಿಗೆ ಅಪಾಯ ಕಡಿಮೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿ 2002ರಲ್ಲಿ ನೋಡಿದಾಗ, ಹಾಲೂಡಿದ ಪ್ರತಿ 12 ತಿಂಗಳಿಗೆ ಅಪಾಯ ಶೇಕಡಾ 4.3ರಷ್ಟು ಇಳಿದಿತ್ತು. ಪ್ರೊಲ್ಯಾಕ್ಟಿನ್ ಹಿಡಿದುಕೊಳ್ಳುವ ಜಾಗವನ್ನೇ ಮುಚ್ಚುವ ಔಷಧಿಯನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದಾಗ ಗಡ್ಡೆ ಕುಗ್ಗಲಿಲ್ಲ. ಐದು ತಿಂಗಳು ಏರಿ ಇಳಿದದ್ದಕ್ಕೆ ಕ್ಯಾನ್ಸರ್ ಬಂತು ಎನ್ನಲು ಆಧಾರವಿಲ್ಲ. ಚಿಕ್ಕಮ್ಮನ ವಿಷಯ ಬೇರೆ. ಅದನ್ನು ಡಾಕ್ಟರ್‌ಗೆ ಹೇಳಿ, ಯಾವ ವಯಸ್ಸಿನಿಂದ ತಪಾಸಣೆ ಬೇಕು ಎಂದು ಕೇಳು ಅಂದೆ.

ಲೂಪಸ್ ಮಾತು ಬೇಗ ಮುಗಿಯಿತು. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲೂ ಪ್ರೊಲ್ಯಾಕ್ಟಿನ್ ಅಂಟಿಕೊಳ್ಳುವ ಜಾಗಗಳಿವೆ, ಅವೇ ಸ್ವಲ್ಪ ತಯಾರಿಸುವುದೂ ಉಂಟು. ಲೂಪಸ್ ಇರುವ ಕೆಲವರಲ್ಲಿ ಅದು ಏರಿರುತ್ತದೆ. ಹಾಗೆಂದು ಏರಿದವರಿಗೆಲ್ಲ ಲೂಪಸ್ ಬರುವುದಿಲ್ಲ. ಲೂಪಸ್‌ನಲ್ಲಿ ಗಂಟು ನೋವೂ ಬರುವುದರಿಂದ ಅವಳ ಬೆರಳು ಗಂಟಿನ ನೋವನ್ನು ಡಾಕ್ಟರ್ ನೋಡಿ, ಅಂಥದ್ದೇನೂ ಇಲ್ಲ ಎಂದರು.

ಓದುವವರಲ್ಲಿ ಯಾರಾದರೂ ಮನೋರೋಗಕ್ಕೆ ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ತೆಗೆದುಕೊಳ್ಳುತ್ತಿದ್ದರೆ, ಇದನ್ನು ಓದಿ ಮಾತ್ರೆ ಬಿಡಬೇಡಿ. ಅವೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ ನಿಜ. ಆದರೆ ದಿಢೀರನೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಮುಟ್ಟು ನಿಂತಿದೆ, ಹಾಲು ಬರುತ್ತಿದೆ ಎಂದು ನಾಚಿಕೆ ಬಿಟ್ಟು ಮನೋವೈದ್ಯರಿಗೆ ಹೇಳಿ. ಪ್ರಮಾಣ ತಗ್ಗಿಸಬಹುದು, ಅರಿಪಿಪ್ರಜೋಲ್‌ನಂಥದ್ದಕ್ಕೆ ಬದಲಿಸಬಹುದು. ಮುಟ್ಟು ನಿಂತೇ ವರ್ಷ ಕಳೆದರೆ ಮೂಳೆ ಸವೆಯುತ್ತದೆ. ಸಹಿಸಿಕೊಂಡು ಕೂರುವ ವಿಷಯ ಅಲ್ಲ ಇದು.

ವಿನಯಾಗೆ ಎರಡು ತಿಂಗಳಲ್ಲಿ ಮುಟ್ಟು ಬಂತು. ಗಂಡನಿಗೆ ವಿಡಿಯೋ ಕಾಲ್‌ನಲ್ಲಿ ವಿಷಯ ಹೇಳಿದ್ದು ಅತ್ತೆಯೇ, ಅದು ನಾನು ಕೇಳಿಕೊಂಡದ್ದು. ಮೊದಲು ಅನುಮಾನ ಪಟ್ಟವರ ಬಾಯಲ್ಲೇ ಬಂದರೆ ಸೊಸೆ ಸಮಜಾಯಿಷಿ ಕೊಡುವ ಪ್ರಮೇಯ ಇರುವುದಿಲ್ಲ. ಮಗು ಬೇಕು ಎನ್ನುವುದು ಮೂವರ ಆಸೆ. ಹಾಗಾದರೆ ರಜೆಗೆ ಬಂದಾಗ ವೀರ್ಯ ಪರೀಕ್ಷೆಯನ್ನೂ ಮಾಡಿಸಿ, ಎಲ್ಲ ಪರೀಕ್ಷೆ ಇವಳೊಬ್ಬಳ ಮೇಲೆ ಬೇಡ ಎಂದೆ. ಗಂಡ ಒಪ್ಪಿದ್ದಾನೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಡಾಕ್ಟರ್ ಈಗಿನಿಂದಲೇ ಬರೆದುಕೊಟ್ಟಿದ್ದಾರೆ. ಅದನ್ನು ನುಂಗುವ ಮೊದಲು ವಿನಯಾ ಸ್ಟ್ರಿಪ್‌ನ ಹಿಂಬದಿಯ ಫೋಟೊ ನನಗೆ ಕಳಿಸಿದ್ದಳು.