ದೊಡ್ಡ ಕಂಪನಿ ನೋಟಿಸ್ ಕಳಿಸಿದೆ, ವಿಡಿಯೋ ಹಾಕಿದರೆ ನಮ್ಮ ಬೇಕರಿ ಹೆಸರು ಉಳಿಯುತ್ತಾ?

ಹಾಕಿ, ಬೇಡ ಅನ್ನಲ್ಲ. ಆದರೆ ಮೊದಲು ಹಳೇ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ.

ತುಮಕೂರಿನಲ್ಲಿ ನಮ್ಮದು ಚಟ್ನಿಪುಡಿ, ಹುಣಸೆ ತೊಕ್ಕಿನ ಸಣ್ಣ ವ್ಯಾಪಾರ, ಅಮ್ಮ ಶುರು ಮಾಡಿದ್ದು. ನಮಗೂ ಇಂಥದ್ದೇ ನೋಟಿಸ್ ಬಂದಿತ್ತು: ಹೆಸರು ಬಿಡಿ, ಪ್ಯಾಕೆಟ್ ನಾಶಮಾಡಿ, ನಷ್ಟ ಕಟ್ಟಿಕೊಡಿ. ತಮ್ಮ ಅದನ್ನು ವಾಟ್ಸಾಪ್‌ಗೆ ಹಾಕಿದ, ಎಲ್ಲರೂ ಹಂಚಿದರು, ಗುಬ್ಬಿ ತಿಪಟೂರು ಕಡೆಯಿಂದೆಲ್ಲಾ ಜನ ಹುಡುಕಿಕೊಂಡು ಬಂದು ಪುಡಿ ಕೊಂಡರು. ಆ ಪ್ರೀತಿ ಮರೆಯುವಂಥದ್ದಲ್ಲ. ಆದರೆ ವಕೀಲರು ಕೇಳಿದ್ದು ಒಂದೇ: ಈ ಹೆಸರಲ್ಲಿ ಮೊದಲು ಮಾರಿದ್ದು ಯಾವಾಗ, ಕಾಗದ ಇದೆಯಾ? ನಮ್ಮ ಕೈ ಹಿಡಿದದ್ದು ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಹಳೇ ಬಿಲ್ಲು.

1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಂ ಓದಿಸಿಕೊಳ್ಳಿ. ನೋಟಿಸ್ ಕಳಿಸಿದವರು ಆ ಹೆಸರು ಬಳಸಲು ಶುರು ಮಾಡಿದ್ದು ಅಥವಾ ಅವರ ನೋಂದಣಿ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕೂ ಹಿಂದಿನಿಂದ ನೀವು ಬಿಡದೆ ಬಳಸುತ್ತಿದ್ದರೆ, ನಿಮ್ಮನ್ನು ತಡೆಯಲು ಆಗಲ್ಲ.

ಪುಣೆಯ ಬರ್ಗರ್ ಕಿಂಗ್ ಅನ್ನೋ ಹೋಟೆಲ್ ಗೊತ್ತಲ್ವಾ? 2011ರಲ್ಲಿ ಅದೇ ಹೆಸರಿನ ಅಮೆರಿಕದ ಕಂಪನಿ ಅದರ ಮೇಲೆ ಕೇಸು ಹಾಕಿತು. 2024ರಲ್ಲಿ ಪುಣೆ ಕೋರ್ಟು ಅದನ್ನು ವಜಾ ಮಾಡಿದಾಗ ಎಲ್ಲರೂ ಹಂಚಿದ್ದೇ ಹಂಚಿದ್ದು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮೇಲ್ಮನವಿ ಮುಗಿಯುವವರೆಗೆ ಆ ಹೆಸರು ಬಳಸಬೇಡಿ ಅಂತ ಬಾಂಬೆ ಹೈಕೋರ್ಟ್ ಹೇಳಿದ್ದನ್ನು ಅಷ್ಟು ಜನ ಹಂಚಲಿಲ್ಲ. ಆ ಆದೇಶಕ್ಕೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದಕ್ಕೇ ಹೇಳ್ತೀನಿ, ಜನರ ಚಪ್ಪಾಳೆ ನಂಬಿ ಕೂರಬೇಡಿ.

ಹಾಗಂತ ಹೆದರಿ ಬೋರ್ಡ್ ಇಳಿಸಲೂ ಬೇಡಿ. ನಮ್ಮ ನಂದಿನಿ ಹಾಲಿನ ಕೆಎಂಎಫ್ 1985ರಿಂದ ಆ ಹೆಸರು ಬಳಸುತ್ತಿತ್ತು, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲ್ 1989ರಿಂದ. ಹೆಸರಿನ ನೋಂದಣಿಗೆ ಕೆಎಂಎಫ್ ತಕರಾರು ಹಾಕಿದ್ದಕ್ಕೆ ಹೋಟೆಲಿನವರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2018ರಲ್ಲಿ ಗೆದ್ದರು. ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೆಸರು ಸಿಕ್ಕಿತು. ನಿಮಗೆ ನೋಟಿಸ್ ಕಳಿಸಿದ ಕಂಪನಿ ನಿಜವಾಗಿ ಏನು ಮಾರುತ್ತೆ, ನೀವೇನು ಮಾರುತ್ತೀರಿ, ಅದನ್ನೂ ವಕೀಲರ ಹತ್ತಿರ ಕೂತು ಮಾತಾಡಿ.

ನೋಟಿಸಿಗೆ ಉತ್ತರ ಕೊಡದೆ ಸುಮ್ನೆ ಇರಬೇಡಿ. ನಿಮ್ಮ ಹೆಸರಿನ ನೋಂದಣಿಗೂ ಅರ್ಜಿ ಹಾಕಿ, ಸಣ್ಣ ಉದ್ದಿಮೆಗೆ ಆನ್‌ಲೈನ್‌ನಲ್ಲಿ ಒಂದು ವರ್ಗದ ಸರಕಿಗೆ 4,500 ರೂಪಾಯಿ. ಕರ್ನಾಟಕದವರದ್ದು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಗೆ ಹೋಗುತ್ತೆ. ನಮ್ಮ ಅರ್ಜಿಗೆ ನಮಗೆ ನೋಟಿಸ್ ಕಳಿಸಿದ್ದ ಕಂಪನಿ ತಕರಾರು ಹಾಕಿದೆ, ಇನ್ನೂ ನಡೀತಿದೆ. ನಿಮಗೂ ಹಾಕಬಹುದು. ತಕರಾರಿನ ಪ್ರತಿ ಕೈಗೆ ಬಂದ ಮೇಲೆ ಎರಡು ತಿಂಗಳೊಳಗೆ ಉತ್ತರ ಸಲ್ಲಿಸದಿದ್ದರೆ ಅರ್ಜಿ ಕೈಬಿಟ್ಟಂತೆ ಲೆಕ್ಕ, ಹಾಗಾಗಿ ಇಮೇಲ್ ದಿನಾ ನೋಡ್ತಾ ಇರಿ.