ಮಕ್ಕಳು ಮೂರು ದಿಕ್ಕಿಗೆ, ನಾವು ಯಾವ ಊರಿಗೆ?

ಪ್ರಶ್ನೆ: ನನಗೆ 66 ವರ್ಷ, ಹೆಂಡತಿಗೆ 60. ಕಳೆದ ವರ್ಷ ನಿವೃತ್ತನಾದೆ. ನಮಗೆ ಮೂವರು ಮಕ್ಕಳು. ದೊಡ್ಡ ಮಗ ವಿದೇಶದಲ್ಲಿ ನೆಲೆಸಿದ್ದಾನೆ. ಮಗಳು ನಮ್ಮಿಂದ ಏಳು ಗಂಟೆ ದೂರದ ದೊಡ್ಡ ನಗರದಲ್ಲಿದ್ದಾಳೆ. ಚಿಕ್ಕ ಮಗನಿಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ನಮ್ಮದು ಎರಡು ಅಂತಸ್ತಿನ ಸ್ವಂತ ಮನೆ, ಊರಾಚೆ ಇದೆ. ಜಾಗ ಶಾಂತವಾಗಿದೆ, ಆದರೆ ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು. ನಾನೇ ಓಡಿಸುತ್ತೇನೆ. ಮಗಳು ತನ್ನ ಹತ್ತಿರ ಬನ್ನಿ ಅನ್ನುತ್ತಾಳೆ. ದೊಡ್ಡ ಮಗ ಎಲ್ಲ ಮಾರಿ ತನ್ನ ಜೊತೆಗೇ ಬಂದುಬಿಡಿ ಅನ್ನುತ್ತಾನೆ. ನನಗೋ ಬೆಟ್ಟದ ಕಡೆ ಒಂದು ಪುಟ್ಟ ಮನೆ ಕಟ್ಟಿಕೊಂಡು ಇರುವ ಆಸೆ, ತುಂಬಾ ವರ್ಷದ್ದು. ಹೆಂಡತಿಯನ್ನು ಕೇಳಿದರೆ "ನೀವು ಹೇಗೆ ಹೇಳ್ತೀರೋ ಹಾಗೆ" ಅನ್ನುತ್ತಾಳೆ. ನಾವು ಏನು ಮಾಡಬೇಕು?

ಉತ್ತರ: ಮನೆಯ ಬಗ್ಗೆ, ಮಕ್ಕಳ ಬಗ್ಗೆ, ನಿಮ್ಮ ಆಸೆಯ ಬಗ್ಗೆ ವಿವರವಾಗಿ ಬರೆದಿದ್ದೀರಿ. ಹೆಂಡತಿಯ ಬಗ್ಗೆ ಒಂದೇ ಒಂದು ಸಾಲು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಏಕೆಂದರೆ ನೀವು ಈಗ ಆರಿಸುವ ಮನೆಯಲ್ಲಿ ಹೆಚ್ಚು ಕಾಲ ಇರುವವರು ಬಹುಶಃ ಅವರೇ.

ಕೇಳಲು ಕಷ್ಟವಾಗುವ ಮಾತು ಅಂತ ಗೊತ್ತು. ಆದರೂ ಲೆಕ್ಕ ನೋಡಿ. ಪ್ರಪಂಚದಾದ್ಯಂತ ಹೆಂಗಸರು ಗಂಡಸರಿಗಿಂತ ಸರಾಸರಿ ಸುಮಾರು 5 ವರ್ಷ ಜಾಸ್ತಿ ಬದುಕುತ್ತಾರೆ. ನಿಮ್ಮಿಬ್ಬರ ನಡುವೆ 6 ವರ್ಷದ ಅಂತರ ಬೇರೆ. ನಿಮ್ಮ ಮನೆಯಲ್ಲಿ ಹೀಗೇ ಆಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಅವರು ಒಂದಷ್ಟು ವರ್ಷ ಒಬ್ಬರೇ ಇರಬೇಕಾಗಿ ಬರುವ ಸಾಧ್ಯತೆಯನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಾಗಿ ಯಾವ ಊರನ್ನೇ ನೋಡಿ, ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇಬ್ಬರಲ್ಲಿ ಒಬ್ಬರೇ ಉಳಿದರೆ, ಅವರು ಇಲ್ಲಿ ಒಂದು ಸಾಮಾನ್ಯ ಮಂಗಳವಾರವನ್ನು ನೆಮ್ಮದಿಯಾಗಿ ಕಳೆಯಬಲ್ಲರೇ? ರಜೆಗೆ ಮಕ್ಕಳು ಮೊಮ್ಮಕ್ಕಳು ಬಂದಾಗ ಯಾವ ಮನೆಯೂ ಚೆನ್ನಾಗಿಯೇ ಇರುತ್ತದೆ. ಯಾರೂ ಬರದ ದಿನ ಹೇಗಿರುತ್ತದೆ ಅನ್ನುವುದೇ ಮುಖ್ಯ.

ಬೆಟ್ಟದ ಮನೆಗೆ ಈ ಪ್ರಶ್ನೆ ಹಾಕಿ ನೋಡೋಣ. ಅಲ್ಲಿ ಕಾರು ಬೇಕೇ ಬೇಕು. ಈಗ ನೀವು ಸಲೀಸಾಗಿ ಓಡಿಸುತ್ತೀರಿ, ನಿಜ. ಆದರೆ 60 ದಾಟಿದವರ ಕಣ್ಣಿನ ಪರದೆಗೆ ಮುಟ್ಟುವ ಬೆಳಕು 20ರ ವಯಸ್ಸಿನಲ್ಲಿ ಮುಟ್ಟುತ್ತಿದ್ದುದರ ಮೂರರಲ್ಲಿ ಒಂದು ಪಾಲು ಮಾತ್ರ. ಪಾಪೆ ಕಿರಿದಾಗುತ್ತದೆ, ಮಸೂರ ಮಂದವಾಗುತ್ತದೆ. ಅದಕ್ಕೇ ಹಲವರು ಮೊದಲು ಬಿಡುವುದು ರಾತ್ರಿ ಡ್ರೈವಿಂಗ್. ನಿಮ್ಮ ಹೆಂಡತಿ ಕಾರು ಓಡಿಸುತ್ತಾರೆಯೇ ಎಂದು ನೀವು ಬರೆದಿಲ್ಲ. ಓಡಿಸುವುದಿಲ್ಲ ಅಂದರೆ, ನೀವು ಸ್ಟಿಯರಿಂಗ್ ಬಿಟ್ಟ ದಿನ ಇಬ್ಬರೂ ಆ ಮನೆಯೊಳಗೇ ಉಳಿದಂತೆ.

ಆಸ್ಪತ್ರೆಯ ವಿಷಯದಲ್ಲಿ ಜನ ಸಾಮಾನ್ಯವಾಗಿ "ಹತ್ತಿರದಲ್ಲೇ ಒಂದು ಇದೆ" ಎಂದು ಹೇಳಿ ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಸ್ಟ್ರೋಕ್ ಆದಾಗ ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಕೊಡುವ ಮೊದಲು ಸ್ಕ್ಯಾನ್ ಆಗಲೇಬೇಕು, ಏಕೆಂದರೆ ರಕ್ತಸ್ರಾವದಿಂದ ಆದ ಸ್ಟ್ರೋಕ್‌ಗೆ ಅದೇ ಔಷಧಿ ಕೊಟ್ಟರೆ ಜೀವಕ್ಕೇ ಅಪಾಯ. ಬಾಯಿ ಸೊಟ್ಟಗಾಗಿದ್ದು, ಕೈ ಸೋತಿದ್ದು ಗಮನಕ್ಕೆ ಬರಬೇಕು, ವಾಹನ ಸಿಗಬೇಕು, ದಾರಿ ಸವೆಯಬೇಕು, ಸ್ಕ್ಯಾನ್ ಆಗಬೇಕು. ಎಲ್ಲವೂ ಆ ನಾಲ್ಕೂವರೆ ಗಂಟೆಯೊಳಗೇ. ಹಾಗಾಗಿ ಯಾವ ಊರಿಗೆ ಹೋದರೂ ಅಲ್ಲಿನ ಆಸ್ಪತ್ರೆಗೆ ನೀವೇ ಹೋಗಿ ವಿಚಾರಿಸಿ: ರಾತ್ರಿ ಹನ್ನೊಂದಕ್ಕೆ ಬಂದರೆ ಸ್ಕ್ಯಾನ್ ಮಾಡುವವರು, ಅದನ್ನು ನೋಡಿ ಹೇಳುವ ವೈದ್ಯರು ಇರುತ್ತಾರಾ? ಆಂಬುಲೆನ್ಸ್ ಮನೆಗೆ ಬರಲು ಎಷ್ಟು ಹೊತ್ತು? ಕಟ್ಟಡ ಎಷ್ಟು ದೊಡ್ಡದು ಎನ್ನುವುದರಿಂದ ಇದು ಗೊತ್ತಾಗುವುದಿಲ್ಲ.

ಹಾಗಂತ ಬೆಟ್ಟದ ಆಸೆಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಯೂಜೀನ್ ಲಿಟ್‌ವಾಕ್ ಮತ್ತು ಚಾರ್ಲ್ಸ್ ಲಾಂಜಿನೊ 1987ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ನಿವೃತ್ತಿಯ ನಂತರ ಜನ ಮನೆ ಬದಲಿಸುವುದು ಮೂರು ಬಗೆಯಲ್ಲಿ. ಕೈಕಾಲು ಗಟ್ಟಿ ಇರುವಾಗ ಇಷ್ಟದ ಜಾಗಕ್ಕೆ ಹೋಗುತ್ತಾರೆ. ದಿನದ ಕೆಲಸ ಕಷ್ಟವಾಗುತ್ತಾ ಬಂದಾಗ, ಅದರಲ್ಲೂ ಜೊತೆಗಾರರು ಇಲ್ಲವಾದಾಗ, ಮಕ್ಕಳ ಹತ್ತಿರ ಬರುತ್ತಾರೆ. ಮನೆಯವರ ಕೈಯಲ್ಲಿ ನೋಡಿಕೊಳ್ಳಲು ಆಗದಿದ್ದಾಗ ಆರೈಕೆ ಕೇಂದ್ರಕ್ಕೆ. ಎಲ್ಲರೂ ಮೂರನ್ನೂ ಮಾಡಬೇಕೆಂದಿಲ್ಲ. ಆದರೆ ನಿಮ್ಮ ಬೆಟ್ಟದ ಮನೆ ಮೊದಲನೆಯ ಬಗೆಯದು, ಮಗಳ ಕರೆ ಎರಡನೆಯದು. ಎರಡೂ ಸರಿಯೇ. ಕೈಯಲ್ಲಿರುವ ಹಣವನ್ನೆಲ್ಲ ಮೊದಲನೆಯದಕ್ಕೇ ಸುರಿದು, ಎರಡನೆಯದು ಬಂದಾಗ ಬರಿಗೈಯಲ್ಲಿ ನಿಲ್ಲುವುದು ತಪ್ಪು. ದೂರದ ಬೆಟ್ಟದ ಮನೆಗೆ ಬೇಕೆಂದ ಕೂಡಲೇ ಗಿರಾಕಿ ಸಿಗುವುದಿಲ್ಲ. ಕಟ್ಟಬೇಡಿ, ಬಾಡಿಗೆಗೆ ಹಿಡಿಯಿರಿ. ವರ್ಷಕ್ಕೆ ಎರಡು ಮೂರು ತಿಂಗಳು ಹೋಗಿ ಇರಿ. ಅಲ್ಲಿಯ ಅತ್ಯಂತ ಕೆಟ್ಟ ಹವಾಮಾನದಲ್ಲಿ ಒಂದು ತಿಂಗಳು ಇದ್ದು ನೋಡಿ. ಅದಾದ ಮೇಲೂ ಆಸೆ ಹಾಗೇ ಇದ್ದರೆ ಮುಂದಿನ ಮಾತು.

ದೊಡ್ಡ ಮಗನ ಮಾತು ಪ್ರೀತಿಯಿಂದ ಬಂದದ್ದು. ಆದರೆ "ಎಲ್ಲ ಮಾರಿ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಭೇಟಿಯ ವೀಸಾ ಬೇರೆ, ಶಾಶ್ವತವಾಗಿ ಇರುವ ಅನುಮತಿ ಬೇರೆ. ಎರಡನೆಯದು ಕೈಗೆ ಬರುವ ತನಕ ಮನೆ ಬಿಡುವ ಯೋಚನೆಯೇ ಬೇಡ. ಇಲ್ಲಿನ ಆರೋಗ್ಯ ವಿಮೆ ಅಲ್ಲಿ ನಡೆಯುತ್ತದೆ ಎಂದು ಭಾವಿಸಬೇಡಿ. ಮೊದಲಿನಿಂದ ಇರುವ ಕಾಯಿಲೆಗಳಿಗೆ ಹೊಸ ವಿಮೆ ಸಿಗುವುದು ಈ ವಯಸ್ಸಿನಲ್ಲಿ ಸುಲಭವಲ್ಲ. ತೆರಿಗೆಯನ್ನೂ ವಿಚಾರಿಸಿ. ಅನೇಕ ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದವರನ್ನು ಅಲ್ಲಿನ ನಿವಾಸಿ ಎಂದೇ ಲೆಕ್ಕ ಹಾಕುತ್ತಾರೆ. ಆಗ ನಿಮ್ಮ ಪಿಂಚಣಿ, ಬಡ್ಡಿ ಎಲ್ಲವೂ ಆ ಲೆಕ್ಕಕ್ಕೆ ಬರಬಹುದು. ಇನ್ನೊಂದು ಸಂಗತಿಯನ್ನು ಮಗ ಯೋಚಿಸಿರಲಿಕ್ಕಿಲ್ಲ. ಬೆಳಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಸಂಜೆಯ ತನಕ ನೀವಿಬ್ಬರು ಏನು ಮಾಡುತ್ತೀರಿ? ಮೂರು ತಿಂಗಳು ಮೊಮ್ಮಕ್ಕಳ ಜೊತೆ ಸಂತೋಷವಾಗಿ ಇದ್ದು ಬನ್ನಿ. ಬೇರು ಇಲ್ಲೇ ಇರಲಿ.

ಚಿಕ್ಕ ಮಗನ ಹಿಂದೆ ಹೋಗುವ ಮಾತೇ ಇಲ್ಲ. ಆದರೆ ಅವನ ಸ್ಥಿತಿ ಮಗಳಿಗೂ ಬರಬಹುದು ಅನ್ನುವುದನ್ನು ಮರೆಯಬೇಡಿ. ಅವಳ ಕೆಲಸ ಬದಲಾಗಬಹುದು, ಅಳಿಯನ ಕೆಲಸ ಬದಲಾಗಬಹುದು. ಆದ್ದರಿಂದ ಆ ನಗರವನ್ನು ನೋಡುವಾಗ ಅವಳನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡಿ. ನಾಳೆ ಅವಳು ಬೇರೆ ಕಡೆ ಹೋದರೂ ನಾವು ಇಲ್ಲೇ ಇರುತ್ತೇವಾ? ಇರುತ್ತೇವೆ ಅನ್ನಿಸಿದರೆ ಅದು ನಿಮ್ಮ ಊರಾಗಬಲ್ಲದು.

ನನ್ನ ಸಲಹೆ ಕೇಳಿದ್ದೀರಿ, ಹೇಳಿಬಿಡುತ್ತೇನೆ. ಮಗಳ ಊರಿಗೆ ಹೋಗಿ, ಆದರೆ ಅವಳ ಮನೆಗಲ್ಲ. ನಡೆದು ಹೋಗುವಷ್ಟು ಅಥವಾ ಹದಿನೈದು ನಿಮಿಷದ ದೂರದಲ್ಲಿ ಬೇರೆ ಮನೆ ಮಾಡಿ. 1960ರ ದಶಕದಲ್ಲಿ ಆಸ್ಟ್ರಿಯದ ಲಿಯೊಪೋಲ್ಡ್ ರೋಸನ್‌ಮೈರ್ ಮತ್ತು ಎವಾ ಕೊಕೈಸ್ ಹಿರಿಯರ ಬದುಕನ್ನು ಅಧ್ಯಯನ ಮಾಡಿದಾಗ ಕಂಡದ್ದೂ ಇದನ್ನೇ: ಮಕ್ಕಳು ಹತ್ತಿರ ಇರಬೇಕು, ಒಂದೇ ಸೂರು ಬೇಡ. ನಿಮ್ಮ ಟಿವಿಯ ಸದ್ದು, ಅವರ ಮಕ್ಕಳ ಪರೀಕ್ಷೆ, ಯಾರು ಯಾವಾಗ ಮಲಗುತ್ತಾರೆ, ಬಾತ್‌ರೂಮಿನಲ್ಲಿ ಎಷ್ಟು ಹೊತ್ತು. ಮುನಿಸು ಶುರುವಾಗುವುದು ಇಂಥ ಸಣ್ಣ ವಿಷಯಗಳಿಂದಲೇ ಅಲ್ವಾ? ಬೇರೆ ಬಾಗಿಲು ಇದ್ದರೆ ಎರಡೂ ಮನೆಯವರು ಖುಷಿಯಿಂದ ಬಂದು ಹೋಗುತ್ತಾರೆ.

ಮೊದಲ ವರ್ಷ ಅಲ್ಲಿ ಬಾಡಿಗೆಗೇ ಇರಿ. ಈಗಿನ ಮನೆಯನ್ನು ಮಾರಬೇಡಿ. ಹುಡುಕುವಾಗ ಮಲಗುವ ಕೋಣೆ, ಬಾತ್‌ರೂಮು ಎರಡೂ ಒಂದೇ ಮಟ್ಟದಲ್ಲಿ ಇವೆಯಾ ನೋಡಿ. ಬಾಗಿಲಿನ ಅಗಲವನ್ನು ಟೇಪ್ ಹಿಡಿದೇ ಅಳೆಯಿರಿ. ಗಾಲಿಕುರ್ಚಿ ಸಲೀಸಾಗಿ ದಾಟಲು 32 ಇಂಚು ಬೇಕು, ಬಾತ್‌ರೂಮಿನ ಬಾಗಿಲುಗಳು ಬಹಳ ಸಲ ಅದಕ್ಕಿಂತ ಕಿರಿದಾಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಜನ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ನಿಮ್ಮ ಈಗಿನ ಎರಡು ಅಂತಸ್ತಿನ ಮನೆಯಲ್ಲೇ ಉಳಿಯುತ್ತೀರಿ ಅಂದುಕೊಳ್ಳಿ. ಆಗಲೂ ಮಂಚವನ್ನು ಕೆಳಗಿನ ಅಂತಸ್ತಿಗೆ ಇಳಿಸುವುದು ಈ ವರ್ಷದ ಕೆಲಸವೇ.

ಹೋಗುವುದಾದರೆ ತಡ ಮಾಡಬೇಡಿ ಎನ್ನುವುದಕ್ಕೂ ಕಾರಣ ಇದೆ. ಹೊಸ ಊರಲ್ಲಿ ಸ್ನೇಹ ಬೆಳೆಯಲು ಸಮಯ ಬೇಕು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯದವರು ಆಪ್ತ ಸ್ನೇಹಿತರಾಗಲು ಒಟ್ಟು 200 ಗಂಟೆಗೂ ಜಾಸ್ತಿ ಒಡನಾಟ ಬೇಕಾಗುತ್ತದೆ. ವಾರಕ್ಕೆ ಎರಡು ಗಂಟೆ ಸಿಕ್ಕರೆ ಅದು ಸುಮಾರು ಎರಡು ವರ್ಷ. 60ರಲ್ಲಿ ನಿಮ್ಮ ಹೆಂಡತಿ ಒಂದು ವಾಕಿಂಗ್ ಗುಂಪಿಗೋ, ಹಾಡಿನ ತರಗತಿಗೋ ಸೇರಿ ಅಷ್ಟು ಸಮಯ ಕಳೆಯುವುದು ಸುಲಭ. 75ರಲ್ಲಿ, ಗಂಡ ತೀರಿಕೊಂಡ ಮೂರನೇ ತಿಂಗಳಲ್ಲಿ, ಮಕ್ಕಳು ಬಂದು ಸಾಮಾನು ಕಟ್ಟಿಸಿ ಕರೆದುಕೊಂಡು ಹೋದಾಗ ಅದು ತುಂಬಾ ಕಷ್ಟ. ಆ ಸ್ಥಿತಿಯಲ್ಲಿ ಊರು ಬದಲಿಸಿದವರು ದಿನವಿಡೀ ಕಿಟಕಿ ಪಕ್ಕ ಕೂರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು "ನೀವು ಹೇಗೆ ಹೇಳ್ತೀರೋ ಹಾಗೆ" ಅನ್ನುವ ಉತ್ತರ. ಅದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬೇಡಿ. "ಎಲ್ಲಿಗೆ ಹೋಗೋಣ" ಎಂದು ಕೇಳಿದ್ದಕ್ಕೆ ಬಂದ ಉತ್ತರ ಅದು. ಬೇರೆ ಥರ ಕೇಳಿ: "ನಾನು ಎರಡು ತಿಂಗಳು ಊರಲ್ಲಿ ಇರೋದಿಲ್ಲ ಅಂದ್ಕೋ, ಆಗ ನಿನಗೆ ಯಾವ ಊರಲ್ಲಿ ಇರೋಕೆ ಇಷ್ಟ? ಯಾರನ್ನ ನೋಡ್ತೀಯ? ಔಷಧಿಗೆ ಹೇಗೆ ಹೋಗ್ತೀಯ?" ಕೇಳಿದ ಮೇಲೆ ನೀವು ಮಾತು ಸೇರಿಸಬೇಡಿ. ಎರಡು ದಿನ ಕಾಯಬೇಕಾದರೂ ಕಾಯಿರಿ. ಜೊತೆಗೆ ಒಂದು ಪ್ರಯೋಗವನ್ನೂ ಮಾಡಿ. ಎರಡು ವಾರ ನೀವು ಕಾರು ಮುಟ್ಟಬೇಡಿ. ಬ್ಯಾಂಕು, ಬಿಲ್ಲು, ವೈದ್ಯರ ಅಪಾಯಿಂಟ್‌ಮೆಂಟು ಎಲ್ಲವನ್ನೂ ಅವರೇ ನೋಡಿಕೊಳ್ಳಲಿ. ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡರು ಎಂದು ಒಂದು ಹಾಳೆಯಲ್ಲಿ ಬರೆದಿಡಲಿ. ಯಾವ ಮನೆ ಬೇಕು ಎನ್ನುವುದು ನನ್ನ ಸಲಹೆಗಿಂತ ಆ ಹಾಳೆಯಿಂದ ಚೆನ್ನಾಗಿ ಗೊತ್ತಾಗುತ್ತದೆ. ಅವರು ಮಗಳ ಊರು ಬೇಡ, ಇಲ್ಲೇ ಪೇಟೆಯೊಳಗೆ ಒಂದು ಸಣ್ಣ ಮನೆ ಸಾಕು ಅಂದರೆ ನಾನು ಅವರ ಪರ. ಮೂವತ್ತು ವರ್ಷದ ಪರಿಚಯದವರು ಸುತ್ತಮುತ್ತ ಇರುವುದು ಸಣ್ಣ ಆಸ್ತಿಯಲ್ಲ.

ಪ್ರಶ್ನೆ: ನನಗೆ 74. ಒಬ್ಬಳೇ ಇದ್ದೇನೆ, ಸಕ್ಕರೆ ಕಾಯಿಲೆ ಇದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಮೂವರು ಮಕ್ಕಳೂ ಬೇರೆ ಬೇರೆ ಊರಲ್ಲಿದ್ದಾರೆ. ಮನೆಯನ್ನು ಅವರ ಹೆಸರಿಗೆ ಮಾಡಿ, ಒಬ್ಬೊಬ್ಬರ ಹತ್ತಿರ ನಾಲ್ಕು ನಾಲ್ಕು ತಿಂಗಳು ಇರಬೇಕು ಎಂದು ತೀರ್ಮಾನಿಸಿದ್ದಾರೆ. ಒಪ್ಪಲೇ?

ಉತ್ತರ: ಒಪ್ಪಬೇಡಿ ಅಮ್ಮ. ಮಕ್ಕಳ ಮನಸ್ಸು ಕೆಟ್ಟದ್ದು ಅಂತಲ್ಲ. ಮೂವರಿಗೂ ಭಾರ ಸಮವಾಗಿರಲಿ ಎಂದು ಯೋಚಿಸಿದ್ದಾರೆ, ನಿಮ್ಮ ದಿನ ಹೇಗಿರುತ್ತದೆ ಎಂದು ಯೋಚಿಸಿಲ್ಲ. ಸಕ್ಕರೆ ಕಾಯಿಲೆಗೆ ನಿಮ್ಮನ್ನು ಸತತವಾಗಿ ನೋಡುವ ಒಬ್ಬ ವೈದ್ಯರು ಬೇಕು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದದ ತಪಾಸಣೆ. ಮೂರು ಊರಲ್ಲಿ ಮೂವರು ವೈದ್ಯರಾದರೆ ಯಾವ ಮಾತ್ರೆ ಯಾರು ಯಾಕೆ ಬದಲಿಸಿದರು ಎನ್ನುವುದೇ ತಿಳಿಯದಂತಾಗುತ್ತದೆ. ಅಕ್ಕಪಕ್ಕದವರ ಹೆಸರು ಬಾಯಿಗೆ ಬರುವಷ್ಟರಲ್ಲಿ ಮತ್ತೆ ಪೆಟ್ಟಿಗೆ ಕಟ್ಟಬೇಕು. ಮೂರೂ ಮನೆಯಲ್ಲಿ ನೀವು ನೆಂಟರಾಗಿಬಿಡುತ್ತೀರಿ.

ಒಂದು ಊರನ್ನು ನಿಮ್ಮ ನೆಲೆ ಎಂದು ಆರಿಸಿ. ಈಗಿನ ಮನೆಯಲ್ಲಿ ಸಲೀಸಾಗಿ ನಡೆಯುತ್ತಿದ್ದರೆ ಅದೇ ಆಗಲಿ. ಮಕ್ಕಳ ಹತ್ತಿರ ಮನಸ್ಸಾದಾಗ ಹೋಗಿ, ಮನಸ್ಸಾದಾಗ ವಾಪಸ್ ಬನ್ನಿ. ಅವರು ಹಂಚಿಕೊಳ್ಳಬೇಕಾದದ್ದು ಕೆಲಸವನ್ನು. ಒಬ್ಬರು ಬ್ಯಾಂಕು, ವಿಮೆ, ಬಿಲ್ಲು ನೋಡಲಿ. ಒಬ್ಬರು ವೈದ್ಯರ ಜೊತೆ ಮಾತಾಡಲಿ, ಔಷಧಿ ಪಟ್ಟಿ ಇಟ್ಟುಕೊಳ್ಳಲಿ. ಇನ್ನೊಬ್ಬರು ಮನೆಗೆಲಸಕ್ಕೆ ಬರುವವರ ಸಂಬಳ, ರಿಪೇರಿ ನೋಡಿಕೊಳ್ಳಲಿ. ದೂರದಲ್ಲಿದ್ದೂ ಮಾಡಬಹುದಾದ ಕೆಲಸಗಳೇ ಇವು. ಮುಂದೆ ಒಬ್ಬರೇ ಇರಲು ಆಗದ ಕಾಲ ಬಂದರೆ ಯಾರ ಊರಿಗೆ ಹೋಗಬೇಕು ಎನ್ನುವುದನ್ನೂ ಈಗಲೇ ನೀವೇ ಹೇಳಿಡಿ. ಆಗಲೂ ಒಂದೇ ಊರು.

ಮನೆಯನ್ನು ಈಗಲೇ ಯಾರ ಹೆಸರಿಗೂ ಮಾಡಬೇಡಿ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ. ನಾಳೆ ಆರೈಕೆಗೆ ಹಣ ಬೇಕಾದರೆ ನಿಮ್ಮ ಕೈಯಲ್ಲಿರುವುದು ಆ ಮನೆಯೊಂದೇ. ಉಯಿಲು ಬರೆಯಿರಿ. ಬದುಕಿರುವ ತನಕ ಅದನ್ನು ಬದಲಿಸುವ ಹಕ್ಕು ನಿಮ್ಮದೇ. ವಕೀಲರ ಹತ್ತಿರ ಹೋಗುವಾಗ ಮಕ್ಕಳಲ್ಲಿ ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಬೇಡಿ. ಬರೆದಾದ ಮೇಲೆ ಮೂವರಿಗೂ ಒಟ್ಟಿಗೆ ತಿಳಿಸಿ.