ಎತ್ತರ ಸಾಲದೆಂದು ವಯಸ್ಕರ ಮಾಡೆಲಿಂಗ್‌ಗೆ ಇಳಿಯಬೇಕೇ?

5 ಅಡಿ 4 ಅಂಗುಲ ಎತ್ತರವೆಂದು ಬೆಂಗಳೂರಿನ ಏಜೆನ್ಸಿಗಳು ಬೇಡವೆಂದವು, ಹಣ ಕೊಟ್ಟ ಚಂದಾದಾರರಿಗಷ್ಟೇ ತೆರೆಯುವ ಜಾಲತಾಣದಲ್ಲಿ ವಯಸ್ಕರ ಮಾಡೆಲಿಂಗ್, ಅಂದರೆ ಕಾಮಪ್ರಚೋದಕ ಚಿತ್ರಗಳಿಗೆ ಮಾಡೆಲ್ ಆಗುವ ಕೆಲಸ, ಮಾಡಲೇ ಎಂದು ಕೇಳಿದ್ದೀರಿ. ನೀತಿಪಾಠ ಹೇಳುವ ಉಮೇದು ನನಗಿಲ್ಲ, ಕಾನೂನು ಮಾತ್ರ ಹೇಳುತ್ತೇನೆ. ಲೈಂಗಿಕ ಕ್ರಿಯೆಯ ಚಿತ್ರ, ವಿಡಿಯೊಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಂನಡಿ ಅಪರಾಧ. ಮೊದಲ ಸಲವೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಚಿತ್ರದಲ್ಲಿ ಅಷ್ಟೆಲ್ಲ ತೋರಿಸದಿದ್ದರೂ ಅದು ಅಶ್ಲೀಲವೆನಿಸಿದರೆ 67ನೇ ಕಲಂ ಇದೆ. ತಾಣ ವಿದೇಶದ್ದಿರಬಹುದು, ಅಪ್‌ಲೋಡ್ ಮಾಡುವವರು ನೀವು ತಾನೇ? ಅಲ್ಲದೆ ಫ್ಯಾಷನ್‌ನಿಂದ ಅತ್ತ ಯಾವಾಗ ಬೇಕಾದರೂ ಹೋಗಬಹುದು. ಅತ್ತಲಿಂದ ಬಂದವರನ್ನು ಸೀರೆ, ಒಡವೆಯ ಜಾಹೀರಾತಿನವರು ಕರೆಯುವುದು ಅಪರೂಪ.

ಎತ್ತರ ಮುಖ್ಯವಾಗಿ ಬೇಕಿರುವುದು ರ‍್ಯಾಂಪ್‌ಗೆ. ಒಡವೆ, ಸೌಂದರ್ಯವರ್ಧಕದ ಜಾಹೀರಾತಿಗೆ ಮುಖ, ಕೈ, ಚರ್ಮ ನೋಡುತ್ತಾರೆ. ಆನ್‌ಲೈನ್ ಅಂಗಡಿಗಳ ಕ್ಯಾಟಲಾಗ್ ಕೆಲಸವೂ ಬೆಂಗಳೂರಿನಲ್ಲಿದೆ. ಒಂದೇ ದಿನ ಹತ್ತಾರು ಉಡುಪು ಬದಲಿಸುವ ದುಡಿಮೆ ಅದು, ಥಳುಕು ಕಡಿಮೆ. ನೋಂದಣಿಗೆಂದು ಮೊದಲೇ ಹಣ ಕೇಳುವ ಏಜೆನ್ಸಿಯಿಂದ ಎದ್ದು ಬನ್ನಿ. ಸರಿಯಾದವರು ನಿಮ್ಮ ಸಂಭಾವನೆಯಲ್ಲಿ ಕಮಿಷನ್ ಹಿಡಿದುಕೊಳ್ಳುತ್ತಾರೆ. ಚಿತ್ರದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಮಾಡೆಲ್‌ಗೆ ಸೇರುವುದಿಲ್ಲ. ಆದ್ದರಿಂದ ಎಲ್ಲಿ, ಎಷ್ಟು ಕಾಲ ಬಳಸುತ್ತಾರೆಂದು ಒಪ್ಪಂದದಲ್ಲಿ ಬರೆಸಿಕೊಂಡೇ ಸಹಿ ಹಾಕಿ.